ಪಾಸಿನಾಚೆ ಉಳಿದ ಅಡುಗೆಮನೆ

ಶಿಯಾ ಗೋರುವಿನಲ್ಲಿ ಸೌದೆ ಎಂಬುದೇ ಇಲ್ಲ. ಕುಲ್ಲು ಕಡೆಯಿಂದ ಹಂಪ್ತಾ ಪಾಸ್ ಹತ್ತಿ ಲಾಹೌಲ್ ಕಡೆಗೆ ಇಳಿದರೆ ಸಿಗುವ ತಂಗುದಾಣ ಅದು, ಸುಮಾರು 3,900 ಮೀಟರ್ ಎತ್ತರದಲ್ಲಿದೆ. ಹತ್ತಲು ಶುರುಮಾಡುವ ಜೋಬ್ರಾದ ಆಸುಪಾಸಿನಲ್ಲಿ ಭೂರ್ಜ ಮರಗಳಿವೆ, ಹುಲ್ಲುಗಾವಲಿದೆ, ಕುರಿಮಂದೆಗಳಿವೆ. ಪಾಸ್ ದಾಟಿದರೆ ಬರೀ ಕಲ್ಲು, ಮಣ್ಣು, ಹಿಮದಿಂದ ಇಳಿದು ಬರುವ ನೀರು. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಮೂರು ಕಲ್ಲು ಇಟ್ಟರೆ ಒಲೆಯಾಯಿತು ಎಂಬ ಧೈರ್ಯ ಚಿಕ್ಕಂದಿನಿಂದಲೂ ಇರುತ್ತದೆ. ಅಲ್ಲಿ ಕಲ್ಲಿಗೆ ಬರವಿಲ್ಲ, ಉರಿಸಲು ಒಂದು ಹಿಡಿ ಪುಳ್ಳೆಯೂ ಸಿಗುವುದಿಲ್ಲ.

ಸೆಪ್ಟೆಂಬರ್ ಕೊನೆಯ ವಾರದ ಒಂದು ಸಂಜೆ ನಾವು ಐದು ಜನ ನಮ್ಮ ಗೈಡ್ ಜೊತೆ ಅಲ್ಲಿಗೆ ಇಳಿದಾಗ ಒದ್ದೆ ಹಿಮ ಬೀಳುತ್ತಿತ್ತು. ನಾನು, ನಮ್ಮವರು, ಅಕ್ಕ, ಭಾವ, ಅವರ ಮಗ. ಟೆಂಟುಗಳಿದ್ದವು, ಸ್ಲೀಪಿಂಗ್ ಬ್ಯಾಗುಗಳಿದ್ದವು. ಅಡುಗೆಮನೆ ಇರಲಿಲ್ಲ. ಗ್ಯಾಸ್ ಸಿಲಿಂಡರ್, ಎರಡು ಬರ್ನರಿನ ಒಲೆ, ಕುಕ್ಕರ್, ಪಾತ್ರೆಗಳು, ಅಕ್ಕಿ, ಬೇಳೆ, ತರಕಾರಿ ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೆ, 4,270 ಮೀಟರಿನ ಪಾಸಿನ ಆ ಬದಿಯಲ್ಲೇ ಉಳಿದುಬಿಟ್ಟಿದ್ದವು.

ಹಿಮಾಲಯಕ್ಕೆ ಹೊರಟವರು ಈಗ ನನ್ನನ್ನು ಕೇಳುತ್ತಾರೆ, ಯಾವ ಒಲೆ ಒಯ್ಯಬೇಕು, ಎಷ್ಟು ಪಾತ್ರೆ ಸಾಕು ಎಂದು. ಗುಂಪಿನಲ್ಲಿ ಅಡುಗೆಯ ಜವಾಬ್ದಾರಿ ಹೊತ್ತ ಹೆಂಗಸರೇ ಹೆಚ್ಚಾಗಿ ಕೇಳುವುದು. ಅವರಿಗೆ ಪಟ್ಟಿ ಬರೆದುಕೊಡುವ ಮೊದಲು ಆ ರಾತ್ರಿಯ ವಿಷಯ ಹೇಳುತ್ತೇನೆ. ನನ್ನ ಪಟ್ಟಿ ಹುಟ್ಟಿದ್ದೇ ಅಲ್ಲಿ.

ಹೊರಡುವ ಮುಂಚೆ ನಮ್ಮ ಮನೆಯಲ್ಲಿ ಅಡುಗೆಯ ಬಗ್ಗೆ ದೊಡ್ಡ ಚರ್ಚೆಯೇ ಆಗಿತ್ತು. ಉರುವಲು ಊರಿನಿಂದ ಒಯ್ಯುವ ಹಾಗಿಲ್ಲ. ವಿಮಾನದಲ್ಲಿ ಗ್ಯಾಸ್ ಡಬ್ಬಿ, ಸೀಮೆಎಣ್ಣೆ ಯಾವುದನ್ನೂ ಬಿಡುವುದಿಲ್ಲ. ರೈಲಿನಲ್ಲಿ ಉರಿಯುವ ವಸ್ತು ಒಯ್ದರೆ 1989ರ ರೈಲ್ವೆ ಕಾಯ್ದೆಯ ಪ್ರಕಾರ ಜೈಲು ಶಿಕ್ಷೆಯೂ ಆಗಬಹುದು. ಹಾಗಾಗಿ ಬೆಂಕಿಯ ಸಾಮಾನು ಏನಿದ್ದರೂ ಮನಾಲಿಯಲ್ಲೇ ಹೊಂದಿಸಿಕೊಳ್ಳಬೇಕು. ಊರಿನಿಂದ ಒಯ್ಯಬಹುದಾದದ್ದು ಪಾತ್ರೆ ಮತ್ತು ಪುಡಿಗಳು ಮಾತ್ರ.

ನಾನು ಹಠ ಹಿಡಿದದ್ದು ಕುಕ್ಕರ್‌ಗೆ. ಅಕ್ಕನ ಮಗನಿಗೆ ಅದು ಹೊರೆ ಅನ್ನಿಸಿತ್ತು. "ಚಿಕ್ಕಮ್ಮ, ಅಷ್ಟು ಭಾರದ್ದು ಯಾಕೆ, ನೂಡಲ್ಸ್ ಸಾಕಲ್ವಾ?" ಎಂದ. ಅವನಿಗೆ ಲೆಕ್ಕ ಹೇಳಿದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸರಿಸುಮಾರು 300 ಮೀಟರ್ ಮೇಲೇರಿದ ಹಾಗೆಲ್ಲ ಒಂದೊಂದು ಡಿಗ್ರಿ ಇಳಿಯುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಲ್ಲಿ 93-94 ಡಿಗ್ರಿಗೇ ನೀರು ಕುದಿಯುತ್ತದೆ, ಅನ್ನ ಸ್ವಲ್ಪ ತಡವಾಗಿ ಬೇಯುತ್ತದೆ ಅಷ್ಟೆ. ಶಿಯಾ ಗೋರುವಿನಂಥ ಕಡೆ ಕುದಿಯುವ ನೀರಿನ ಬಿಸಿ 87 ಡಿಗ್ರಿಯ ಆಸುಪಾಸು. ಪಾತ್ರೆಯಲ್ಲಿ ಕೊತಕೊತ ಕುದಿಯುತ್ತಲೇ ಇರುತ್ತದೆ, ತೊಗರಿಬೇಳೆ ಕಾಳುಕಾಳಾಗಿಯೇ ಉಳಿಯುತ್ತದೆ, ಗ್ಯಾಸು ಖಾಲಿಯಾಗುತ್ತಾ ಹೋಗುತ್ತದೆ. ಕುಕ್ಕರಿನ ವೆಯಿಟ್ ಒಳಗೆ ಆವಿ ಹಿಡಿದಿಟ್ಟರೆ ಅದೇ ಎತ್ತರದಲ್ಲೂ 110 ಡಿಗ್ರಿ ದಾಟುತ್ತದೆ. ಮೂರು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಉಳಿಸುವ ಉರುವಲಿನ ಮುಂದೆ ಅದರ ತೂಕ ಏನೂ ಅಲ್ಲ. ಅವನು ಒಪ್ಪಿದ.

ಕುಕ್ಕರ್, ದೊಡ್ಡ ಒಲೆ, ಸಿಲಿಂಡರ್ ಹೇಸರಗತ್ತೆಗೆ ಎಂದು ತೀರ್ಮಾನವಾಯಿತು. ಟೆಂಟು ಮತ್ತು ಸ್ಲೀಪಿಂಗ್ ಬ್ಯಾಗನ್ನು ಮಾತ್ರ ನಾವೇ ಹೊರಬೇಕು ಎಂದು ನಮ್ಮವರು ಪಟ್ಟು ಹಿಡಿದಿದ್ದರು. ಆ ಪಟ್ಟಿನಿಂದಲೇ ಇವತ್ತು ನಾವೆಲ್ಲ ಇದ್ದೇವೆ. ದಾರಿಯಲ್ಲಿ ಚಹಾ ಕಾಸಿಕೊಳ್ಳಲು ಒಂದು ಪುಟ್ಟ ಬರ್ನರ್ ಹುಡುಗನ ಚೀಲದಲ್ಲಿರಲಿ ಎಂದೂ ಆಯಿತು.

ಆ ಬರ್ನರ್‌ಗೆ ಗ್ಯಾಸ್ ಡಬ್ಬಿ ಕೊಟ್ಟದ್ದು ಮನಾಲಿಯ ಒಂದು ಬಾಡಿಗೆ ಅಂಗಡಿ. ಅಕ್ಕನ ಮಗ ಓದಿಕೊಂಡು ಬಂದಿದ್ದ. ಐಸೊಬ್ಯೂಟೇನ್ ಮತ್ತು ಪ್ರೊಪೇನ್ ಬೆರೆಸಿದ, ತಿರುಪು ಇರುವ ಗಿಡ್ಡ ಡಬ್ಬಿಯನ್ನೇ ಕೇಳಿದ. ಅದು ಮುಗಿದಿದೆ, ಇದೂ ಅದೇ ಎಂದು ಅಂಗಡಿಯವನು ಉದ್ದನೆಯ ಡಬ್ಬಿ ಎರಡನ್ನು ಒಂದು ಅಡಾಪ್ಟರ್ ಜೊತೆ ಕೊಟ್ಟ. ಹೋಟೆಲುಗಳಲ್ಲಿ ಮೇಜಿನ ಮೇಲೆ ಇಟ್ಟು ಉರಿಸುವ ಒಲೆಗೆ ಹಾಕುತ್ತಾರಲ್ಲ, ಆ ಡಬ್ಬಿ. "ಚಳಿಯಲ್ಲಿ ಉರಿಯುತ್ತದೆಯೇ?" ಎಂದು ನಾನೇ ಎದುರು ನಿಂತು ಕೇಳಿದೆ. "ಲಡಾಖಿನವರೆಗೂ ಇದೇ ಹೋಗುತ್ತೆ ದೀದಿ" ಅಂದ. ಆ ಮಾತನ್ನು ನಾನು ಮರೆತಿಲ್ಲ. ಗೊತ್ತಿಲ್ಲ ಎಂದಿದ್ದರೆ ಬೇರೆ ಅಂಗಡಿಗೆ ಹೋಗುತ್ತಿದ್ದೆವು. ಬೆಟ್ಟಕ್ಕೆ ಹೋಗುವವರಿಗೆ ಸಾಮಾನು ಕೊಡುವವನು ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದು.

ಡಬ್ಬಿಯೊಳಗೆ ಇದ್ದದ್ದು ಬರೀ ಬ್ಯೂಟೇನ್. ಬ್ಯೂಟೇನ್ ದ್ರವದಿಂದ ಅನಿಲವಾಗುವುದು ಸಮುದ್ರಮಟ್ಟದಲ್ಲಿ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಐಸೊಬ್ಯೂಟೇನ್ ಸೊನ್ನೆಯ ಕೆಳಗೆ 12 ಡಿಗ್ರಿವರೆಗೂ, ಪ್ರೊಪೇನ್ 42 ಡಿಗ್ರಿವರೆಗೂ ಅನಿಲವಾಗುತ್ತವೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಬ್ಯೂಟೇನಿಗೂ ಸ್ವಲ್ಪ ವಿನಾಯಿತಿ ಸಿಗುತ್ತದೆ, ನಿಜ. ಆದರೆ ಅನಿಲವಾಗಿ ಹೊರಡುವಾಗ ಅದು ಡಬ್ಬಿಯ ಬಿಸಿಯನ್ನೇ ಹೀರಿಕೊಂಡು ಹೊರಡುತ್ತದೆ. ಉರಿದಷ್ಟೂ ಡಬ್ಬಿ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಉರಿ ಸೊರಗುತ್ತದೆ. ಕೊಡಚಾದ್ರಿಯಲ್ಲೋ ಕುದುರೆಮುಖದ ಕಡೆಯಲ್ಲೋ ಇದೇ ಡಬ್ಬಿಯಲ್ಲಿ ಅಡುಗೆ ಮಾಡಿದವರಿಗೆ ಈ ತೊಂದರೆ ಕಾಣಿಸಿರುವುದೇ ಇಲ್ಲ. ನಮ್ಮ ಘಟ್ಟಗಳ ಚಳಿ ಬ್ಯೂಟೇನನ್ನು ಹೆದರಿಸುವಷ್ಟು ಇರುವುದಿಲ್ಲ. ಕರ್ನಾಟಕದಿಂದ ಹೋಗುವವರು ಇದನ್ನು ಮೊದಲ ಸಲ ತಿಳಿಯುವುದು ಹಿಮದ ನಡುವೆ ನಿಂತಾಗಲೇ.

ಪಾಸಿನ ಕುಲ್ಲು ಬದಿಯ ತಂಗುದಾಣವಾದ ಬಾಲು ಕಾ ಘೇರಾದಿಂದ ಆ ದಿನ ಬೆಳಿಗ್ಗೆ ಹೊರಟಾಗ ಆಕಾಶ ಮುಚ್ಚಿತ್ತು, ಮಳೆ ಇರಲಿಲ್ಲ. ನಾವು ಮುಂದೆ ನಡೆಯುವುದು, ಕುದುರೆಯವನು ಅಡುಗೆ ಟೆಂಟು ಬಿಚ್ಚಿ ಪಾತ್ರೆ ತೊಳೆದು ಹೇರಿಕೊಂಡು ಹಿಂದಿನಿಂದ ಬಂದು ನಮ್ಮನ್ನು ದಾಟಿ ಹೋಗುವುದು, ಅಲ್ಲಿನ ರೂಢಿ ಅದು. ಸಾಕುವುದು ಹೇಸರಗತ್ತೆಯನ್ನೇ ಆದರೂ ಅವನನ್ನು ಎಲ್ಲರೂ ಘೋಡೇವಾಲಾ ಎನ್ನುತ್ತಾರೆ. ನಾವೂ ಕುದುರೆಯವನು ಎನ್ನುತ್ತಿದ್ದೆವು. ಪಾಸಿನ ಕೆಳಗಿನ ಏರಿನಲ್ಲಿ ಹಿಮ ಶುರುವಾಯಿತು. ಮೇಲೆ ನಿಂತಾಗ ಹತ್ತು ಮಾರು ಆಚೆಯ ಕಲ್ಲು ಕಾಣುತ್ತಿರಲಿಲ್ಲ. ಇಂದ್ರಾಸನ ಶಿಖರ ಕಾಣುವ ಜಾಗ ಎಂದು ಹೇಳಿದ್ದರು. ನಮಗೆ ಗೈಡಿನ ಬೆನ್ನು ಮಾತ್ರ ಕಾಣುತ್ತಿತ್ತು. ಇಳಿಜಾರಿನ ಕಲ್ಲುಗಳ ಮೇಲೆ ಹೊಸ ಹಿಮ ಕೂತಿತ್ತು. ಹೊರೆ ಹೊತ್ತ ಪ್ರಾಣಿ ಅಲ್ಲಿ ಕಾಲಿಟ್ಟರೆ ಜಾರಿ ಹೋಗುತ್ತದೆ. ಕುದುರೆಯವನು ಏರಿನ ಅರ್ಧದಿಂದಲೇ ಹಿಂದಿರುಗಿದ್ದ ಎಂದು ನಮಗೆ ಗೊತ್ತಾದದ್ದು ಮಾರನೆಯ ದಿನ. ಅವನು ಮಾಡಿದ್ದು ಸರಿ. ಆ ಮೂರು ಪ್ರಾಣಿಗಳೇ ಅವನ ಬದುಕು.

ಶಿಯಾ ಗೋರುವಿನಲ್ಲಿ ಟೆಂಟು ನಿಲ್ಲಿಸುವಾಗಲೇ ಭಾವನ ಕೈ ಕೆಲಸ ಮಾಡುತ್ತಿರಲಿಲ್ಲ. ಅವರಿಗೆ 58 ವರ್ಷ, ದಿನಾ ವಾಕಿಂಗ್ ಹೋಗುವವರು, ನಮ್ಮೆಲ್ಲರಿಗಿಂತ ಗಟ್ಟಿ. ಹತ್ತುವಾಗ ಬೆವರಿ ಒಳಗಿನ ಬನಿಯನ್ ಒದ್ದೆ, ಮೇಲಿನಿಂದ ಹಿಮ ಕರಗಿ ಜಾಕೆಟ್ ಒದ್ದೆ. ಜಿಪ್ ಎಳೆಯಲು ಹೋಗಿ ಬಿಟ್ಟರು, ಮತ್ತೆ ಹಿಡಿದರು, ಮತ್ತೆ ಬಿಟ್ಟರು. ಏನೋ ಹೇಳಿದರು, ಮಾತು ತೊದಲಿತು. ಅಕ್ಕ ಸುಸ್ತು ಎಂದುಕೊಂಡಳು. ಗೈಡ್ ಅವರ ಮುಖ ನೋಡಿದವನೇ ಬಟ್ಟೆ ಬಿಚ್ಚಿಸಿ ಎಂದ.

ಒದ್ದೆ ಬಟ್ಟೆಯೆಲ್ಲ ತೆಗೆದು, ಒಣಗಿದ್ದನ್ನು ಯಾರ ಚೀಲದಲ್ಲಿ ಏನಿತ್ತೋ ಅದನ್ನು ಹಾಕಿ, ಕೆಳಗೆ ಎರಡು ಮ್ಯಾಟ್ ಹಾಸಿ, ಎರಡು ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಿದೆವು. ಕೈಕಾಲು ಉಜ್ಜಲು ಹೋದ ಅಕ್ಕನನ್ನು ಗೈಡ್ ತಡೆದ. ಕೈಕಾಲಿನ ತಣ್ಣನೆಯ ರಕ್ತ ಒಮ್ಮೆಗೇ ಎದೆಗೆ ನುಗ್ಗಬಾರದು ಎಂದು ಅವರ ತರಬೇತಿಯಲ್ಲಿ ಹೇಳಿಕೊಡುತ್ತಾರಂತೆ. ಭಾವ ನಡುಗುತ್ತಿದ್ದರು. ನಡುಗುವವರೆಗೆ ಭಯವಿಲ್ಲ, ಬಿಸಿಯಾಗದೆ ನಡುಕ ನಿಂತರೆ ಭಯ, ಈಗ ಸಿಹಿ ಹಾಕಿದ ಬಿಸಿನೀರು ಬೇಕು ಎಂದ ಅವನು. ಎಲ್ಲರೂ ನನ್ನ ಕಡೆ ನೋಡಿದರು.

ಅಕ್ಕನ ಮಗ ಬರ್ನರ್ ತೆಗೆದು ಜೋಡಿಸಿದ. ಅಡಾಪ್ಟರಿಗೆ ಆ ಉದ್ದನೆಯ ಡಬ್ಬಿಯನ್ನು ಮಲಗಿಸಿ ಹಾಕಬೇಕು, ಬಾಯಿಯ ಬಳಿಯ ಕಚ್ಚು ಮೇಲ್ಮುಖವಾಗಿರಬೇಕು. ತಿರುವುಮುರುವಾದರೆ ಅನಿಲದ ಬದಲು ದ್ರವವೇ ಬಂದು ಬೆಂಕಿ ಮೇಲೆ ಚಿಮ್ಮುತ್ತದೆ. ಬರ್ನರಿನ ಸ್ವಂತ ಕಿಡಿಗುಂಡಿ ಒತ್ತಿ ಒತ್ತಿ ಬೆರಳು ನೋಯಿತು, ಕಿಡಿ ಹಾರಲಿಲ್ಲ. ಸಿಗರೇಟ್ ಲೈಟರೂ ಹೊತ್ತಲಿಲ್ಲ. ಅದರೊಳಗೂ ಅದೇ ಜಾತಿಯ ಗ್ಯಾಸೇ ಇರುವುದು. ದೇವರ ಪ್ರಸಾದದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಅಕ್ಕ ಕಟ್ಟಿಕೊಂಡಿದ್ದ ಬೆಂಕಿಪೆಟ್ಟಿಗೆ ಇತ್ತು. ಕಡ್ಡಿ ಗೀರಿದಾಗ ಉರಿ ಹತ್ತಿಕೊಂಡಿತು. ಸ್ಟೀಲ್ ಮಗ್ಗಿನಲ್ಲಿ ತೊರೆಯ ನೀರಿಟ್ಟೆ. ನೀಲಿ ಉರಿ ಮೊದಲು ಬರ್ನರಿನ ಸುತ್ತಲೂ ನಿಂತಿತ್ತು. ನೋಡುತ್ತಿದ್ದ ಹಾಗೇ ಕುಗ್ಗಿತು, ಮಣಿಗಳ ಸಾಲಿನಷ್ಟಾಯಿತು, ಒಂದು ಗಾಳಿ ಬೀಸಿದ್ದಕ್ಕೆ ಆರಿತು. ಡಬ್ಬಿಯ ಮೈಮೇಲೆ ಬೆಳ್ಳಗೆ ಮಂಜು ಕಟ್ಟಿತ್ತು. ಅಲ್ಲಾಡಿಸಿದರೆ ಒಳಗೆ ದ್ರವ ತುಂಬಿ ಕುಲುಕುತ್ತಿತ್ತು. ಗ್ಯಾಸ್ ಮುಗಿದಿರಲಿಲ್ಲ, ಹೊರಗೆ ಬರುತ್ತಿರಲಿಲ್ಲ.

ಎರಡನೆಯ ಡಬ್ಬಿಯನ್ನು ನಮ್ಮವರು ಆಗಲೇ ಅಂಗಿಯ ಒಳಗೆ ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದರು. ಅದನ್ನು ಹಾಕಿದೆವು, ಮೊದಲಿನದು ಗೈಡಿನ ಕಂಕುಳಿಗೆ ಹೋಯಿತು. ಹೀಗೆ ಅದಲುಬದಲು ಮಾಡುತ್ತಾ ಮಗ್ಗಿನ ನೀರು ಬೆರಳು ಅದ್ದಿದರೆ ಹಿತವೆನಿಸುವಷ್ಟು ಬೆಚ್ಚಗಾಯಿತು. ಅಕ್ಕ ಸಕ್ಕರೆ ಪೊಟ್ಟಣ ಬಿಚ್ಚಿ ಕೈ ಚಾಚಿದಳು.

ನಾನು ಆ ನೀರನ್ನು ಊಟದ ತಟ್ಟೆಗೆ ಹೊಯ್ದೆ.

"ಏ, ಏನು ಮಾಡ್ತಿದೀಯೆ ನೀನು? ಅವರಿಗೆ ಕೊಡದೆ ತಟ್ಟೆಗೆ ಹೊಯ್ತೀಯಲ್ಲೇ!" ಅಕ್ಕನ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಅಷ್ಟು ಸಿಟ್ಟಿನಲ್ಲಿ ಅವಳು ನನ್ನ ಜೊತೆ ಮಾತಾಡಿದ್ದು ನನಗೆ ನೆನಪಿಲ್ಲ. ವಿವರಿಸಲು ನನಗೆ ಪುರುಸೊತ್ತಿರಲಿಲ್ಲ. ಬೆಚ್ಚನೆಯ ನೀರಿನ ತಟ್ಟೆಯಲ್ಲಿ ಡಬ್ಬಿಯನ್ನು ಮಲಗಿಸಿದೆ, ಕಚ್ಚು ಮೇಲಕ್ಕೆ. ಉರಿ ಏಳುತ್ತಾ ಬಂತು. ಭುಸ್ ಎಂದು ಸದ್ದು ಕೊಡುವಷ್ಟು ಎದ್ದಿತು. ಮತ್ತೆ ಮಗ್ಗಿಗೆ ನೀರು ತುಂಬಿದೆ. ಈ ಸಲ ಅದು ಕುದಿಯಿತು. ಡಬ್ಬಿಯ ಕೆಳಗಿನ ನೀರು ಆರುತ್ತಿದ್ದ ಹಾಗೆ ಮಗ್ಗಿನಿಂದ ಚೂರು ಸೇರಿಸುವುದು, ಉಳಿದದ್ದನ್ನು ಕುಡಿಯಲು ಕೊಡುವುದು. ಡಬ್ಬಿ ಮುಟ್ಟಿದರೆ ಉಗುರುಬೆಚ್ಚಗೆ ಇರಬೇಕು, ಅದಕ್ಕಿಂತ ಬಿಸಿ ಆಗಕೂಡದು. ಉರಿಯ ಮೇಲೆ ಹಿಡಿದು ಕಾಯಿಸಿದರೆ ಅದು ಸಿಡಿಯುತ್ತದೆ, ಸಾಯುತ್ತಾರೆ. ಈ ನೀರಿನ ಉಪಾಯ ನನಗೆ ಹೊಳೆದದ್ದಲ್ಲ. ಗೈಡ್ ಕಂಕುಳಲ್ಲಿ ಡಬ್ಬಿ ಇಟ್ಟುಕೊಂಡೇ "ದೀದಿ, ಥಾಲಿ ಮೇ ಗರಂ ಪಾನಿ" ಎಂದು ಎರಡು ಸಲ ಹೇಳಿದ್ದ.

ಎರಡು ಲೋಟ ಸಕ್ಕರೆ ನೀರು ಭಾವನ ಹೊಟ್ಟೆಗೆ ಹೋಯಿತು. "ಇನ್ನೊಂದು ಗುಟುಕು, ಕುಡೀರಿ" ಎಂದು ಅಕ್ಕನೂ ನಾನೂ ಸರದಿಯಲ್ಲಿ ಕುಡಿಸಿದೆವು. ಮುಂದಿನ ನೀರನ್ನು ಎರಡು ಬಾಟಲಿಗೆ ತುಂಬಿ, ಕಾಲುಚೀಲದಲ್ಲಿ ಸುತ್ತಿ, ಕಂಕುಳಿಗೆ ಒಂದು, ತೊಡೆಸಂದಿಗೆ ಒಂದು ಇಟ್ಟೆವು. ನಡುಕ ಹೆಚ್ಚಾಯಿತು. ಗೈಡ್ ಒಳ್ಳೆಯದಾಯಿತು ಅಂದ.

ಇಷ್ಟೆಲ್ಲ ನಡೆದದ್ದು ಟೆಂಟಿನ ಬಾಗಿಲ ಬಳಿ, ಅರ್ಧ ಹೊರಗೆ. ನನ್ನ ಬೆನ್ನ ಮೇಲೆ ಹಿಮ ಬೀಳುತ್ತಿತ್ತು. ಒಲೆಯನ್ನು ಒಳಗೆ ತಂದು ಜಿಪ್ ಎಳೆದುಕೊಂಡರೆ ಗಾಳಿಯ ಕಾಟ ಇಲ್ಲ, ಟೆಂಟೂ ಬೆಚ್ಚಗಾಗುತ್ತದೆ ಎಂದು ಅಕ್ಕನ ಮಗ ಅಂದ, ಮತ್ತೆ ಮತ್ತೆ ಅಂದ. ಅವನ ಅಪ್ಪ ಕಣ್ಣೆದುರು ನಡುಗುತ್ತಿದ್ದಾಗ ಆ ಮಾತು ಯಾರ ಬಾಯಲ್ಲಾದರೂ ಬರುತ್ತದೆ. ಗೈಡ್ ಒಪ್ಪಲಿಲ್ಲ. ಮುಚ್ಚಿದ ಟೆಂಟಿನಲ್ಲಿ ಯಾವ ಒಲೆ ಉರಿಸಿದರೂ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ಮಂಪರು ಬರುತ್ತದೆ; ಎತ್ತರದ ಜಾಗದಲ್ಲಿ ಹೇಗೂ ಇವೆಲ್ಲ ಇರುವುದರಿಂದ ಅನುಮಾನವೇ ಬರುವುದಿಲ್ಲ. ಮಲಗಿದವರು ಏಳುವುದಿಲ್ಲ. ತಣ್ಣಗಿದ್ದರೂ ಪರವಾಗಿಲ್ಲ, ಗಾಳಿ ಆಡಲಿ ಎಂದು ಅವನು ಬಾಗಿಲ ಬಳಿ ಕೂತೇ ಇದ್ದ. ಮೂವತ್ತು ವರ್ಷ ದಾಟಿರದ ಹುಡುಗ. ಅವನ ಆ ಒಂದು ಹಠಕ್ಕೆ ನಾನು ಎಷ್ಟು ಕೈ ಮುಗಿದರೂ ಕಡಿಮೆ.

ಊಟದ ವಿಷಯ ಹೇಳಲೇಬೇಕು. ಅಕ್ಕಿ, ಬೇಳೆ ಇದ್ದಿದ್ದರೂ ಆ ಉರಿಯಲ್ಲಿ ಬೇಯುತ್ತಿರಲಿಲ್ಲ. ನನ್ನ ಚೀಲದಲ್ಲಿ ರಾಗಿ ಹುರಿಹಿಟ್ಟು ಇತ್ತು, ಅಚ್ಚುಬೆಲ್ಲದ ಪುಡಿ ಇತ್ತು, ತೆಳು ಅವಲಕ್ಕಿಯೂ ಚಟ್ನಿಪುಡಿಯೂ ಇದ್ದವು. ಮಧ್ಯಾಹ್ನ ದಾರಿಯಲ್ಲಿ ತಿನ್ನಲೆಂದು ಇಟ್ಟುಕೊಂಡದ್ದು. ಹುರಿಹಿಟ್ಟಿಗೆ ಉಗುರುಬೆಚ್ಚಗಿನ ನೀರು, ಬೆಲ್ಲ ಹಾಕಿ ಕಲಸಿ ಉಂಡೆ ಮಾಡಿ ಎಲ್ಲರ ಕೈಗೆ ಕೊಟ್ಟೆ. ಹುರಿದ ರಾಗಿಯ ಆ ಘಮ ಟೆಂಟಿನೊಳಗೆ ಹರಡಿದಾಗ ಅಕ್ಕ ಅತ್ತಳು. ಗೈಡ್ ಒಂದು ಉಂಡೆ ತಿಂದು ಇನ್ನೊಂದು ಕೇಳಿದ. ಅವರ ಕಡೆಯ ಸತ್ತುವಿನ ಹಾಗಿದೆ ಎಂದ. ಒಲೆ ಹೊತ್ತದಿದ್ದರೂ ಉಣ್ಣಬಹುದಾದ ಊಟ ಎಂದರೆ ಅದು. ನಮ್ಮ ಅಜ್ಜಿಯರು ದೂರದ ಪ್ರಯಾಣಕ್ಕೆ ಹುರಿಹಿಟ್ಟು ಕಟ್ಟಿಕೊಡುತ್ತಿದ್ದದ್ದು ತಿಳಿದೇ.

ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಬಾಟಲಿಯ ನೀರು ಬದಲಾಯಿಸಿದೆವು. ಬೆಳಗಿನ ಜಾವದ ಹೊತ್ತಿಗೆ ಒಂದು ಡಬ್ಬಿ ನಿಜವಾಗಿ ಖಾಲಿಯಾಗಿತ್ತು. ಭಾವ ಸ್ಪಷ್ಟವಾಗಿ "ಗಂಟೆ ಎಷ್ಟು?" ಎಂದು ಕೇಳಿದರು. ಅಕ್ಕ ಉತ್ತರ ಹೇಳದೆ ಅವರ ಹಣೆ ಮುಟ್ಟಿದಳು, ಆಮೇಲೆ ನನ್ನ ಕೈ ಹಿಡಿದುಕೊಂಡಳು.

ಮಾರನೆಯ ದಿನವೂ ಹಿಮ ನಿಲ್ಲಲು ಹೊತ್ತಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಜೀಪು ಸಿಗುವ ಛತ್ರುವಿಗೆ ಇಳಿಯಬೇಕಾದರೆ ಹಿಮದ ತೊರೆಯನ್ನು ಕಾಲಲ್ಲಿ ದಾಟಬೇಕು, ಮೊಣಕಾಲವರೆಗೆ ನೀರು. ಭಾವನನ್ನು ಆ ನೀರಿಗೆ ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಉಳಿದ ಒಂದು ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಟ್ಟುಕೊಂಡು ಗುಟುಕು ಲೆಕ್ಕದಲ್ಲಿ ಬಿಸಿನೀರು ಕಾಯಿಸುತ್ತಾ ಕೂತಿದ್ದೆವು.

ಮಧ್ಯಾಹ್ನದ ಹೊತ್ತಿಗೆ ಪಾಸಿನ ಕಡೆಯಿಂದ ಒಬ್ಬನೇ ಒಬ್ಬ ಇಳಿದು ಬರುವುದು ಕಾಣಿಸಿತು. ಕುದುರೆಯವನು. ಪ್ರಾಣಿಗಳನ್ನು ಬಾಲು ಕಾ ಘೇರಾದಲ್ಲಿ ಪರಿಚಯದವನ ಹತ್ತಿರ ಬಿಟ್ಟು, ಗೋಣಿಚೀಲವನ್ನು ಹಗ್ಗದಿಂದ ಬೆನ್ನಿಗೆ ಬಿಗಿದುಕೊಂಡು ಹಿಮದಲ್ಲಿ ಪಾಸ್ ಹತ್ತಿ ಇಳಿದಿದ್ದ. ಚೀಲ ಬಿಚ್ಚಿದ. ನನ್ನ ಮೂರು ಲೀಟರಿನ ಕುಕ್ಕರ್. ಅದರೊಳಗೆ ಅಕ್ಕಿ, ಮಸೂರ ಬೇಳೆ, ಈರುಳ್ಳಿ, ಉಪ್ಪು. ಒಂದು ಬಾಟಲಿ ಸೀಮೆಎಣ್ಣೆ. ಮತ್ತೆ ಒಂದು ಹಿತ್ತಾಳೆಯ ಪಂಪ್ ಸ್ಟವ್. ಅದು ನಮ್ಮದಲ್ಲ, ಅವನದು. ತನ್ನ ರೊಟ್ಟಿ ಸುಟ್ಟುಕೊಳ್ಳಲು ಇಟ್ಟುಕೊಂಡದ್ದು. ಸಿಲಿಂಡರ್ ಹೊತ್ತು ಈ ಹಿಮದಲ್ಲಿ ಬರಲಾಗುವುದಿಲ್ಲ, ಇದು ಬರುತ್ತದೆ ಎಂದ.

ಪಂಪ್ ಸ್ಟವ್ ನಮ್ಮ ಪೀಳಿಗೆಯವರಿಗೆ ಹೊಸದಲ್ಲ. ಅಮ್ಮ ಅದರಲ್ಲೇ ಕಾಫಿ ಕಾಸುತ್ತಿದ್ದಳು. ಸ್ವೀಡನ್ನಿನಲ್ಲಿ 1892ರಲ್ಲಿ ಬಂದ ಪ್ರೈಮಸ್‌ನ ವಂಶದ್ದು ಅದು. ಎವರೆಸ್ಟ್ ಏರುವ ದಿನ, 1953ರ ಮೇ 29ರ ಬೆಳಿಗ್ಗೆ, ಹಿಲರಿ ಮರಗಟ್ಟಿ ಹೋಗಿದ್ದ ತನ್ನ ಬೂಟುಗಳನ್ನು ಪ್ರೈಮಸ್ ಉರಿಯ ಮೇಲೆ ಹಿಡಿದು ಮೆತ್ತಗೆ ಮಾಡಿಕೊಂಡ ಮೇಲೇ ತೇನ್‌ಸಿಂಗ್ ಜೊತೆ ಹೊರಟದ್ದು. ಈ ಸ್ಟವ್ ಚಳಿಗೆ ಬಗ್ಗದಿರುವುದಕ್ಕೆ ಕಾರಣ ಸರಳ: ಇದರಲ್ಲಿ ಎಣ್ಣೆಯನ್ನು ಮೇಲಕ್ಕೆ ತಳ್ಳುವುದು ಹೊರಗಿನ ಹವೆಯಲ್ಲ, ನಮ್ಮ ಕೈ ಹಾಕುವ ಗಾಳಿ. ಕುದುರೆಯವನು ಬಟ್ಟಲಿನಲ್ಲಿ ಎಣ್ಣೆ ನೆನೆಸಿದ ಬಟ್ಟೆಚೂರು ಇಟ್ಟು ಹೊತ್ತಿಸಿ ಬರ್ನರ್ ಕಾಯಿಸಿದ. ಹಳದಿ ಜ್ವಾಲೆ, ಕಪ್ಪು ಹೊಗೆ. ಬರ್ನರ್ ಕಾದ ಮೇಲೆ ಗಾಳಿಯ ತಿರುಪು ಬಿಗಿದು ಪಂಪು ಹಾಕಿದ. ಮೂತಿಗೆ ಪಿನ್ನು ಹಾಕಿ ಒಮ್ಮೆ ಚುಚ್ಚಿದ. ಭರ್ ಎಂದು ನೀಲಿ ಉರಿ ಎದ್ದಿತು, ಅದರ ಸದ್ದಿಗೆ ಮಾತು ಕೇಳಿಸಲಿಲ್ಲ. ಸುತ್ತ ಕಲ್ಲು ಜೋಡಿಸಿ ಗಾಳಿ ತಡೆದೆವು. ಕುಕ್ಕರ್ ಇಟ್ಟೆ.

ಮೊದಲ ಸೀಟಿ ಹೊಡೆದಾಗ ಟೆಂಟಿನೊಳಗಿನಿಂದ ಭಾವ ಎದ್ದು ಕೂತರು. ಮೆತ್ತಗೆ ಬೆಂದ ಕಿಚಡಿ, ಮೇಲೆ ಚಟ್ನಿಪುಡಿ. ಕುದುರೆಯವನಿಗೆ ಮೊದಲು ಬಡಿಸಿದೆ. ಅವನು ಬೇಡ, ಬಾಬೂಜಿಗೆ ಮೊದಲು ಎಂದ. ಆ ರಾತ್ರಿ ನಾವೆಲ್ಲ ಬಿಸಿ ತಿಂದು ಮಲಗಿದೆವು.

ಮರುದಿನ ಬಿಸಿಲು ಬಂತು. ತೊರೆ ದಾಟುವಾಗ ಗೈಡ್ ಭಾವನನ್ನು ಬೆನ್ನ ಮೇಲೆ ಹೊತ್ತ. ಛತ್ರುವಿನಿಂದ ಜೀಪು ಹಿಡಿದು ಗ್ರಾಂಫೂ, ಕೋಕ್ಸರ್ ಮೇಲೆ ಅಟಲ್ ಸುರಂಗದ ಮೂಲಕ ಮನಾಲಿ ಸೇರಿ ಆಸ್ಪತ್ರೆಗೆ ತೋರಿಸಿದೆವು. ಕಾಲ್ಬೆರಳುಗಳ ಜೋಮು ದೀಪಾವಳಿಯವರೆಗೂ ಇತ್ತು, ಬೇರೆ ಏನೂ ಆಗಲಿಲ್ಲ. ಅಕ್ಕನ ಮಗ ಖಾಲಿ ಡಬ್ಬಿಗಳನ್ನು ಆ ಅಂಗಡಿಯ ಮೇಜಿನ ಮೇಲಿಟ್ಟು, ಡಬ್ಬಿಯ ಮೇಲೇ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಬ್ಯೂಟೇನ್ ಎಂಬ ಪದಕ್ಕೆ ಬೆರಳಿಟ್ಟು ತೋರಿಸಿದ. ಅವರು ಬಾಡಿಗೆ ಹಣ ವಾಪಸ್ ಕೊಟ್ಟರು. ಹಣ ಬೇಡ, ಮುಂದಿನವರಿಗೆ ಇದನ್ನು ಕೊಡಬೇಡಿ ಎಂದು ನಾನು ಹೇಳಿ ಬಂದೆ.

ಈಗ ಪಟ್ಟಿ. ಮೊದಲನೆಯದಾಗಿ, ದೊಡ್ಡ ಅಡುಗೆಮನೆ ಹೇಸರಗತ್ತೆಯ ಮೇಲೆ ಹೋಗಲಿ, ಒಂದು ಪೂರ್ತಿ ಸಣ್ಣ ಅಡುಗೆಮನೆ ಮನುಷ್ಯರ ಬೆನ್ನ ಮೇಲೇ ಇರಬೇಕು. ಒಲೆ, ಉರುವಲು, ಒಂದು ಪಾತ್ರೆ, ಬೇಯಿಸದೆ ತಿನ್ನುವ ಊಟ, ಇವು ನಡೆಯುವವರನ್ನು ಬಿಟ್ಟು ಹೋಗಕೂಡದು. ಹೊರೆ ಹಂಚುವಾಗ ಎಲ್ಲರೂ ಬಟ್ಟೆಯ ಬಗ್ಗೆ ಯೋಚಿಸುತ್ತಾರೆ, ಬೆಂಕಿಯನ್ನು ಪ್ರಾಣಿಗೆ ಬಿಡುತ್ತಾರೆ.

ಚಹಾಕ್ಕೆ ಗ್ಯಾಸ್ ಡಬ್ಬಿ ಬೇಕೆಂದರೆ ಪ್ರೊಪೇನ್ ಬೆರೆಸಿದ್ದೇ ಬೇಕು. ಅಂಗಡಿಯವರ ಮಾತಿಗಿಂತ ಡಬ್ಬಿಯ ಮೇಲಿನ ಅಕ್ಷರ ಓದಿ. ಅದು ಸಿಗದಿದ್ದರೆ ಪಂಪ್ ಸ್ಟವ್. ಸೀಮೆಎಣ್ಣೆ ನಮ್ಮೂರುಗಳಲ್ಲಿ ಈಗ ಸಿಗುವುದೇ ಅಪರೂಪ, ಬೆಟ್ಟದ ಊರುಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಸಿಗಲಿಲ್ಲವೆಂದು ಸೀಮೆಎಣ್ಣೆ ಸ್ಟವ್‌ಗೆ ಪೆಟ್ರೋಲ್ ಹಾಕಿದರೆ ಅದು ಸಿಡಿಯುತ್ತದೆ, ಯಾವ ಕಾರಣಕ್ಕೂ ಹಾಕಬೇಡಿ. ಸ್ಟವ್ ಜೊತೆ ಪಿನ್ನುಗಳು, ಒಂದು ಹೆಚ್ಚಿನ ವಾಷರ್, ಸಣ್ಣ ಸೀಸೆಯಲ್ಲಿ ಸ್ಪಿರಿಟ್ ಇರಲಿ. ಸ್ಪಿರಿಟ್ಟನ್ನೂ ಬೆಟ್ಟದ ಊರಿನಲ್ಲೇ ಕೊಳ್ಳಬೇಕು. ಸ್ಪಿರಿಟ್‌ನಲ್ಲಿ ಕಾಯಿಸಿದರೆ ಮಸಿ ಕಡಿಮೆ. ವಾಪಸ್ ಬರುವಾಗ ಟ್ಯಾಂಕ್ ಪೂರ್ತಿ ಬರಿದು ಮಾಡಿ, ಸೋಪು ನೀರಿನಲ್ಲಿ ತೊಳೆದು, ವಾಸನೆ ಹೋಗುವವರೆಗೆ ಬಿಸಿಲಿಗಿಡಬೇಕು. ಎಣ್ಣೆಯ ವಾಸನೆ ಇದ್ದರೂ ವಿಮಾನಕ್ಕೆ ಹತ್ತಿಸುವುದಿಲ್ಲ. ಎಣ್ಣೆ ತಲೆಗೆ ದಿನಕ್ಕೆ 100 ಮಿಲಿಲೀಟರ್ ಎಂದು ನಾನು ಲೆಕ್ಕ ಹಾಕುತ್ತೇನೆ, ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕಾದ ಜಾಗವಾದರೆ ಅದರ ಎರಡರಷ್ಟು.

ಬೆಂಕಿಪೆಟ್ಟಿಗೆ ಇಬ್ಬರ ಚೀಲದಲ್ಲಿ, ಬೇರೆ ಬೇರೆ ಕವರಿನಲ್ಲಿ. ಲೈಟರ್ ಒಳಜೇಬಿನಲ್ಲಿ, ಮೈಯ ಬಿಸಿ ತಾಗುವ ಹಾಗೆ. ಅಂಚಿರುವ ಸ್ಟೀಲ್ ತಟ್ಟೆ ಒಂದು. ಒಂದು ಲೀಟರ್ ಫ್ಲಾಸ್ಕ್. ಬೆಳಿಗ್ಗೆ ತುಂಬಿಕೊಂಡ ಬಿಸಿನೀರು ಸಂಜೆಯವರೆಗೆ ಒಂದು ಜೀವ ಕಾಯಬಲ್ಲದು. ಊಟಕ್ಕೆ ಹುರಿಹಿಟ್ಟು, ಬೆಲ್ಲ, ಗೊಜ್ಜವಲಕ್ಕಿ, ತುಪ್ಪ. ಗೊಜ್ಜವಲಕ್ಕಿ ತಣ್ಣೀರಿನಲ್ಲೂ ನೆನೆಯುತ್ತದೆ, ಸ್ವಲ್ಪ ಕಾಯಬೇಕು ಅಷ್ಟೆ.

ಆ ಕುದುರೆಯವನಲ್ಲಿದ್ದಂಥದ್ದೇ ಹಿತ್ತಾಳೆ ಸ್ಟವ್ ಒಂದನ್ನು ಮನಾಲಿ ಪೇಟೆಯಲ್ಲಿ ಹುಡುಕಿ ಕೊಂಡೆವು. ಬಳಸಿ ಗೊತ್ತಿಲ್ಲದವರು ಬೆಟ್ಟದಲ್ಲಿ ಅದನ್ನು ಮೊದಲ ಸಲ ಹೊತ್ತಿಸಬಾರದು. ಹಾಗಾಗಿ ಅಕ್ಕನ ಮಗ ಮಹಡಿಯ ಮೇಲೆ ಕೂತು, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಕತ್ತಲಲ್ಲೇ ಅದನ್ನು ಬಿಚ್ಚಿ ಜೋಡಿಸಿ ಹೊತ್ತಿಸುವುದನ್ನು ಕಲಿತ. ಅವನಾದ ಮೇಲೆ ಅಕ್ಕ ಕಲಿತಳು, ಆಮೇಲೆ ಭಾವ. ಮುಂದಿನ ಪ್ರಯಾಣದಲ್ಲಿ ಸ್ಟವ್ ಭಾವನ ಚೀಲದಲ್ಲಿ ಹೋಗಬೇಕೆಂದು ಅವರೇ ಕೇಳಿಕೊಂಡಿದ್ದಾರೆ, ಎಣ್ಣೆಯ ಬಾಟಲಿ ನಮ್ಮವರದ್ದರಲ್ಲಿ, ಕುಕ್ಕರ್ ನನ್ನದರಲ್ಲಿ.